ಮೇಷ್ಟ್ರ ಬಲಗೈ

ಪಶುವೈದ್ಯ ಕಾಲೇಜಿನ ಎರಡನೇ ಮಹಡಿಯ ಪ್ರಯೋಗಾಲಯದಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವರು ಯಾವ ತರಗತಿಗೂ ಪಾಠ ಮಾಡಿದವರಲ್ಲ. ನೇಮಕಾತಿ ಪತ್ರದಲ್ಲಿ ಇದ್ದದ್ದು ತಂತ್ರಜ್ಞ ಎಂಬ ಒಂದೇ ಪದ. ಆದರೆ ಮೂವತ್ತೊಂದು ವರ್ಷಗಳಲ್ಲಿ ಆ ಕೋಣೆಗೆ ಬಂದವರೆಲ್ಲ ದ್ರವ ಹೀರಿ ಹಾಕುವ ಪಿಪೆಟ್ ಹಿಡಿಯುವುದನ್ನು ಕಲಿತದ್ದು ಅವರ ಕೈ ನೋಡಿ. ಈಗ ವಿಭಾಗದ ಮುಖ್ಯಸ್ಥೆಯಾಗಿದ್ದ ಮೇಡಂ ಕೂಡ ಒಂದು ಕಾಲದಲ್ಲಿ ಅವರ ಪಕ್ಕದ ಸ್ಟೂಲಿನ ಮೇಲೆ ಕೂತು, ಬಾಟಲಿಯ ಮುಚ್ಚಳವನ್ನು ಕಿರುಬೆರಳಲ್ಲಿ ಹಿಡಿದುಕೊಂಡೇ ಉಳಿದ ಬೆರಳುಗಳಿಂದ ಕೆಲಸ ಮಾಡುವುದನ್ನು ಅಭ್ಯಾಸ ಮಾಡಿದ್ದರು. ಬೇರೆಯವರ ಕೈಯಲ್ಲಿ ಸಾಯುವ ಕೋಶಗಳು ಮೇಷ್ಟ್ರ ಕೈಯಲ್ಲಿ ಬದುಕುತ್ತವೆ ಎಂಬ ಮಾತಿತ್ತು. ಅವರು ಅದನ್ನು ಕೇಳಿಸಿಕೊಳ್ಳದವರಂತೆ ಇರುತ್ತಿದ್ದರು. ಆದರೆ ಮನೆಗೆ ಹೋದ ಮೇಲೆ ಹೆಂಡತಿಗೆ ಹೇಳದೆ ಇರುತ್ತಿರಲಿಲ್ಲ.

ಆ ವರ್ಷ ಸಂಶೋಧನೆಗೆ ಸೇರಿದ ಹುಡುಗಿಯದು ಹಸುವಿನ ಹೊಕ್ಕುಳಬಳ್ಳಿಯ ಮೇಲಿನ ಕೆಲಸ. ಕಾಲೇಜಿನ ಕೊಟ್ಟಿಗೆಯಲ್ಲಿ ಗಿಡ್ಡ ಜಾತಿಯ ಹದಿನಾಲ್ಕು ಹಸುಗಳಿದ್ದವು. ಆ ತಳಿ ಬೇರೆಲ್ಲೂ ಹೆಚ್ಚು ಉಳಿದಿರಲಿಲ್ಲ. ಕರು ಹುಟ್ಟಿದಾಗ ಯಾರಿಗೂ ಬೇಡವಾಗಿ ಬೀಳುವ ಬಳ್ಳಿಯ ಒಳಗೆ, ರಕ್ತನಾಳಗಳ ಸುತ್ತ, ಬಿಳಿಯ ಲೋಳೆಯಂಥ ಒಂದು ಪದರವಿರುತ್ತದೆ. ಅದರೊಳಗೆ ಆಕರಕೋಶಗಳು ಅಡಗಿರುತ್ತವೆ. ಇನ್ನೂ ಏನಾಗಬೇಕೆಂದು ನಿರ್ಧಾರವಾಗದ, ಮುಂದೆ ಮೂಳೆಯೋ ಕೊಬ್ಬೋ ಮೆದುಮೂಳೆಯೋ ಆಗಬಲ್ಲ ಕೋಶಗಳು. ಅವನ್ನು ಹೊರಗೆ ತೆಗೆದು, ಬೆಳೆಸಿ, ಇವು ನಿಜವಾಗಿ ಅವೇ ಎಂದು ಒಂದೊಂದಾಗಿ ಪರೀಕ್ಷೆ ಮಾಡಿ ತೋರಿಸಿ, ಕೊನೆಗೆ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡಬೇಕು. ಹಸುಗಳು ಹೋದರೂ ಅವುಗಳ ಕೋಶವಾದರೂ ಉಳಿಯಲಿ ಎಂಬುದು ಮೇಡಂ ಆಸೆ. ವರ್ಷಕ್ಕೆ ಹೆಚ್ಚೆಂದರೆ ಐದು ಹಸು ಕರು ಹಾಕುತ್ತಿದ್ದವು. ಹಾಗಾಗಿ ವರ್ಷಕ್ಕೆ ಐದೇ ಬಳ್ಳಿ.

ಬಳ್ಳಿ ಹಿಡಿದು ತರುತ್ತಿದ್ದವಳು ಕೊಟ್ಟಿಗೆಯಕ್ಕ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಹತ್ತೊಂಬತ್ತು ವರ್ಷದಿಂದ ಆ ಕೊಟ್ಟಿಗೆಯನ್ನು ನೋಡಿಕೊಂಡವಳು. ದಿನ ತುಂಬಿದ ಹಸುವಿನ ಪಕ್ಕದಲ್ಲಿ ಅವಳು ಮಣೆ ಹಾಕಿಕೊಂಡು ಕೂರುತ್ತಿದ್ದಳು. ಕರು ಬಿದ್ದು ಬಳ್ಳಿ ತಾನಾಗಿ ಹರಿದ ಮೇಲೆ, ತಾಯಿಯ ಕಡೆಗೆ ಜೋತುಬಿದ್ದ ತುಂಡನ್ನು ಕತ್ತರಿಸಿ, ಔಷಧದ ನೀರಿದ್ದ ಡಬ್ಬಿಗೆ ಹಾಕಿ, ಎರಡನೇ ಮಹಡಿಗೆ ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದಳು. "ಮೇಷ್ಟ್ರೇ, ತಗೊಳ್ಳಿ, ಬಿಸಿ ಬಿಸಿ," ಎಂದು ಡಬ್ಬಿ ಚಾಚುವುದು ಅವಳ ತಮಾಷೆ.

ಮೊದಲ ಬಳ್ಳಿಯನ್ನು ಮೇಷ್ಟ್ರೇ ಬಿಡಿಸಿದರು. ಶುದ್ಧ ಗಾಳಿ ಬೀಸುವ ಗಾಜಿನ ಪೆಟ್ಟಿಗೆಯ ಮುಂದೆ ಕೂತು, ಬಳ್ಳಿಯನ್ನು ಐದು ಸಲ ತೊಳೆದು, ಉದ್ದಕ್ಕೆ ಸೀಳಿ, ನಾಳಗಳನ್ನು ಚಿಮಟದಿಂದ ಎಳೆದು ತೆಗೆದರು. ಉಳಿದ ಲೋಳೆಯನ್ನು ಅಕ್ಕಿಕಾಳಿಗಿಂತ ಚಿಕ್ಕದಾಗಿ ಕೊಚ್ಚಿ, ತಟ್ಟೆಗಳಲ್ಲಿ ಹರಡಿ, ಮೈಬಿಸಿಯಷ್ಟೇ ಶಾಖ ಕಾಯುವ ಇನ್‌ಕ್ಯುಬೇಟರ್ ಪೆಟ್ಟಿಗೆಯೊಳಗೆ ಇಟ್ಟು ಬಾಗಿಲು ಹಾಕಿದರು. ಹುಡುಗಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ಈಗ ಏನು ಮಾಡ್ಬೇಕು ಮೇಷ್ಟ್ರೇ?"

"ಏನೂ ಮಾಡ್ಬಾರ್ದು. ಅದೇ ಕಷ್ಟ. ಐದು ದಿನ ಆ ಬಾಗಿಲು ತೆಗೀಬೇಡ. ನೋಡ್ಬೇಕು ಅನ್ಸುತ್ತೆ. ನೋಡ್ಬೇಡ."

ಆರನೇ ದಿನ ಸೂಕ್ಷ್ಮದರ್ಶಕದಲ್ಲಿ ಚೂರುಗಳ ಅಂಚಿನಿಂದ ಕೋಶಗಳು ಹೊರಬರುತ್ತಿದ್ದವು. ಎರಡೂ ತುದಿ ಚೂಪಾದ, ನೂಲುವ ಕದಿರಿನಂಥ ಉದ್ದನೆಯ ಕೋಶಗಳು. ಹುಡುಗಿ ಖುಷಿಯಲ್ಲಿ ಮೇಷ್ಟ್ರ ತೋಳು ಹಿಡಿದು ಕುಲುಕಿದಳು. ಆ ತೋಳು ಅವಳು ಬಿಟ್ಟ ಮೇಲೂ ಸ್ವಲ್ಪ ಹೊತ್ತು ಅಲುಗುತ್ತಲೇ ಇದ್ದದ್ದು ಅವಳ ಗಮನಕ್ಕೆ ಬರಲಿಲ್ಲ.

ನಡುಕ ಶುರುವಾಗಿ ಆಗಲೇ ಎಂಟು ತಿಂಗಳಾಗಿತ್ತು. ಮೊದಲು ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿ ಉಜ್ಜಿಕೊಳ್ಳತೊಡಗಿತು. ಏನೋ ಗುಳಿಗೆ ಉರುಳಿಸುತ್ತಿರುವಂತೆ. ಕೆಲಸಕ್ಕೆ ಕೈ ಹಚ್ಚಿದರೆ ನಿಲ್ಲುತ್ತಿತ್ತು. ಆಮೇಲೆ ನಿಲ್ಲಲು ತಡವಾಗತೊಡಗಿತು. ಆಮೇಲೆ ಒಂದು ದಿನ ಕೋಶಗಳಿಗೆ ಆಹಾರದ ದ್ರವ ಬದಲಾಯಿಸುವಾಗ ಪಿಪೆಟ್ಟಿನ ತುದಿ ಬಾಟಲಿಯ ಕತ್ತಿಗೆ ತಗುಲಿ ಟಿಕ್ ಎಂದಿತು. ಹಾಗೆ ತಗುಲಿದರೆ ಹೊರಗಿನ ಸೋಂಕು ಒಳಗೆ ಹೋಗುತ್ತದೆಂದು ಆ ಪಿಪೆಟ್ ಎಸೆದು ಹೊಸದು ತೆಗೆದುಕೊಳ್ಳಬೇಕು. ಅದು ಅವರೇ ಎಲ್ಲರಿಗೂ ಹೇಳಿಕೊಟ್ಟ ಮೊದಲ ಪಾಠ. ಪಕ್ಕದಲ್ಲಿ ಹುಡುಗಿ ಲೆಕ್ಕ ಬರೆದುಕೊಳ್ಳುತ್ತಿದ್ದಳು. ಎಸೆದರೆ ಅವಳು ತಲೆ ಎತ್ತಿ ನೋಡುತ್ತಾಳೆ. ಒಂದು ಸಲಕ್ಕೆ ಏನಾಗುತ್ತದೆ ಎಂದುಕೊಂಡು ಮೇಷ್ಟ್ರು ಮುಂದುವರಿಸಿದರು.

ಆ ಒಂದು ಸಲ ಏನೂ ಆಗಲಿಲ್ಲ. ಆದರೆ ಅದು ಒಂದೇ ಸಲಕ್ಕೆ ನಿಲ್ಲಲಿಲ್ಲ. ಕೋಶಗಳನ್ನು ಮೂರನೇ ಸಲ ಹೊಸ ಫ್ಲಾಸ್ಕಿಗೆ ಹಂಚಿದ ನಾಲ್ಕು ದಿನಕ್ಕೆ, ಮೊದಲ ಬಳ್ಳಿಯ ಫ್ಲಾಸ್ಕುಗಳಲ್ಲೆಲ್ಲ ಬೂಷ್ಟು ಎದ್ದಿತು. ದ್ರವದಲ್ಲಿ ಹತ್ತಿಯ ಎಳೆಗಳು ತೇಲಿದಂತೆ. ಎರಡು ತಿಂಗಳ ಬೆಳೆಯನ್ನು ಬ್ಲೀಚಿನ ಬಕೆಟ್ಟಿಗೆ ಸುರಿದರು. ಹುಡುಗಿ ಅಳಲಿಲ್ಲ. "ಇನ್ನೊಂದು ಬರುತ್ತಲ್ಲ," ಎಂದಳು. ಇನ್ನೊಂದು ಬಂತು. ಅದಕ್ಕೂ ಅದೇ ಗತಿಯಾಯಿತು. ಆ ಸಲ ಅವಳು ಅತ್ತಳು.

ಮನೆಯಲ್ಲಿ ಹೆಂಡತಿಗೆ ಗೊತ್ತಾಗಿತ್ತು. ಅವಳು ಹೊಲಿಗೆಯವಳು. ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸುವವರ ಕಣ್ಣಿನಿಂದ ಬೆರಳಿನ ವಿಷಯ ಮುಚ್ಚಿಡಲು ಆಗುವುದಿಲ್ಲ.

"ಅಂಗಿ ಗುಂಡಿ ಹಾಕೋಕೆ ಇಷ್ಟು ಹೊತ್ತು ಬೇಕೇನ್ರೀ?"

"ಕಾಜ ಬಿಗಿಯಾಗಿದೆ."

"ನಾನೇ ಮಾಡಿದ ಕಾಜ. ಬಿಗಿ ಇಲ್ಲ." ಅವಳು ಮೆಷಿನ್ ನಿಲ್ಲಿಸಿ ಹತ್ತಿರ ಬಂದು ಅವರ ಬಲಗೈಯನ್ನು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡಳು. ಹಿಡಿದ ಹಕ್ಕಿಮರಿಯಂತೆ ಅದು ಒಳಗೆ ಅದುರುತ್ತಿತ್ತು. "ಎಷ್ಟು ದಿನದಿಂದ ಹೀಗೆ?"

"ವಯಸ್ಸಾಯ್ತಲ್ಲೇ."

"ವಯಸ್ಸು ನನಗೂ ಆಗಿದೆ. ಡಾಕ್ಟ್ರಿಗೆ ತೋರಿಸಿ. ಕಾಲೇಜಲ್ಲಿ ಹೇಳಿದೀರ?"

"ಏನಂತ ಹೇಳ್ಲಿ? ನನ್ನ ಹತ್ರ ಇರೋದು ಕೈ ಒಂದೇ. ಅದೂ ಹೋಯ್ತು ಅಂತ ಹೇಳ್ಲಾ? ಇನ್ನು ಎರಡೇ ವರ್ಷ, ಹೇಗೋ ಕಳೆದುಬಿಡ್ತೀನಿ."

ಅವಳು ಉಳಿದ ಗುಂಡಿಗಳನ್ನು ಹಾಕಿದಳು.

ಎರಡನೇ ಬಳ್ಳಿಯೂ ಹಾಳಾದ ಮೇಲೆ ಮೇಡಂ ತಮ್ಮ ಕೋಣೆಗೆ ಇಬ್ಬರನ್ನೂ ಕರೆದರು. ಹುಡುಗಿ ಒಂದು ಪಟ್ಟಿ ಮಾಡಿ ತಂದಿದ್ದಳು. ನೀರು, ದ್ರವ, ಇನ್‌ಕ್ಯುಬೇಟರ್, ಗಾಳಿಯ ಜರಡಿ ಎಲ್ಲವನ್ನೂ ಪರೀಕ್ಷಿಸಿದ್ದಳು. ಎಲ್ಲ ಸರಿಯಾಗಿದ್ದವು. ಪಟ್ಟಿಯ ಕೊನೆಯಲ್ಲಿ ಉಳಿದದ್ದು ಕೊಟ್ಟಿಗೆ.

"ಎರಡನೇ ಸಲ ನಾನೇ ಹೋಗಿ ನೋಡಿದೆ ಮೇಡಂ. ಅಕ್ಕ ಕೈಗವಸು ಹಾಕಿರಲಿಲ್ಲ. ಬರಿಗೈಲಿ ಬಳ್ಳಿ ಹಿಡಿದಿದ್ರು. ಕೈಯೆಲ್ಲ ಸಗಣಿ."

ಮೇಡಂ ಮೇಷ್ಟ್ರ ಕಡೆ ತಿರುಗಿದರು. "ನಿಮಗೇನನ್ಸುತ್ತೆ ಮೇಷ್ಟ್ರೇ? ಅಲ್ಲಿಂದಲೇ ಬಂದಿರಬಹುದಾ?"

ಮೇಷ್ಟ್ರಿಗೆ ಉತ್ತರ ಗೊತ್ತಿತ್ತು. ಕೊಟ್ಟಿಗೆಯ ಕೊಳೆ ಬಳ್ಳಿಯ ಜೊತೆ ಬಂದಿದ್ದರೆ ಎರಡನೇ ದಿನವೇ ತಟ್ಟೆ ಕಲಕಿ ಹೋಗುತ್ತಿತ್ತು. ಎರಡು ತಿಂಗಳು ತಿಳಿಯಾಗಿದ್ದು ಆಮೇಲೆ ಏಳುವ ಬೂಷ್ಟು ಇದೇ ಕೋಣೆಯದು, ಯಾರದೋ ಕೈಯದು. ಇದನ್ನು ಅವರು ಎಷ್ಟೋ ಜನ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದರು. ಮೇಡಮ್ಮಿಗೂ ಹೇಳಿದ್ದರು. ಅವರಿಗೆ ಮರೆತುಹೋಗಿತ್ತೋ, ಮೇಷ್ಟ್ರ ಕೈಯನ್ನು ಸಂಶಯಿಸುವುದು ಅವರ ಯೋಚನೆಗೇ ಬರಲಿಲ್ಲವೋ. ಮೇಷ್ಟ್ರು ಬಲಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದರು.

"ಇರಬಹುದು," ಎಂದರು.

ಅಷ್ಟೇ. ಅದಕ್ಕಿಂತ ಹೆಚ್ಚು ಅವರು ಯಾರ ಮೇಲೂ ಏನೂ ಹೇಳಲಿಲ್ಲ. ಹುಡುಗಿ ನಡೆದದ್ದನ್ನು ಬರೆದು ಕೊಟ್ಟಳು, ಮೇಡಂ ಸಹಿ ಹಾಕಿ ಮೇಲೆ ಕಳಿಸಿದರು. ಕೊಟ್ಟಿಗೆಯಕ್ಕ ಕಾಯಂ ನೌಕರಳಲ್ಲ. ತೆಗೆದುಹಾಕಲು ಒಂದು ಪತ್ರ ಸಾಕಾಯಿತು. ಅವಳ ಜಾಗಕ್ಕೆ ಕೈಗವಸು, ಬೂಟು, ಬಿಳಿ ಕೋಟಿನ ಹೊಸಬನೊಬ್ಬ ಬಂದ. ತರಬೇತಿ ಪಡೆದವನು ಎಂದರು.

ಕೊನೆಯ ದಿನ ಅಕ್ಕ ಮಹಡಿ ಹತ್ತಿ ಬಂದಳು. ಕೈಯಲ್ಲಿ ಡಬ್ಬಿ ಇರಲಿಲ್ಲ. ಬಾಗಿಲ ಹೊರಗೇ ನಿಂತಳು.

"ಮೇಷ್ಟ್ರೇ, ನೀವಾದ್ರೂ ಹೇಳಿ. ಬರಿಗೈ ಅನ್ನೋದು ನಿಜ. ಕೈಗವಸು ಹಾಕಿದ್ರೆ ಕರು ಜಾರುತ್ತೆ, ಹಿಡಿತ ಸಿಗಲ್ಲ. ಆದ್ರೆ ಬಳ್ಳಿ ಕತ್ತರಿಸೋಕೆ ಮುಂಚೆ ಕೈ ತೊಳ್ಕೋತೀನಿ. ನನ್ನ ಕೈಯಿಂದ್ಲೇ ಆಯ್ತಾ ಇದು?"

"ಮೇಲಿನವರು ತೀರ್ಮಾನ ಮಾಡಿದಾರಮ್ಮ. ನನ್ನದೇನು ನಡೆಯುತ್ತೆ?"

ಅವಳು ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ಹೋಗ್ಲಿ ಬಿಡಿ. ಇನ್ನೊಂದು ಮಾತು. ಆ ಬಿಳಿಗಾಲಿನ ಹಸು ಮುಂದಿನ ತಿಂಗಳು ಹಾಕುತ್ತೆ. ಹೋದ ಸಲ ಅದರ ಕರು ಕತ್ತು ಹಿಂದಕ್ಕೆ ಮಡಚ್ಕೊಂಡಿತ್ತು, ನಾನು ಒಳಗೆ ಕೈ ಹಾಕಿ ತಿರುಗಿಸಿದೆ. ಅದು ಕೂಗೋ ಜಾತಿಯಲ್ಲ. ನೋವು ಬಂದ್ರೂ ಮೂಲೆಯಲ್ಲಿ ಸುಮ್ನೆ ನಿಂತಿರುತ್ತೆ. ಅದು ಮೇವು ಬಿಟ್ಟ ದಿನದಿಂದ ಯಾರಾದ್ರೂ ಪಕ್ಕದಲ್ಲೇ ಇರ್ಬೇಕು. ಹೊಸಬರಿಗೆ ಹೇಳಿ. ನಾನು ಹೇಳಿದ್ರೆ ಕೇಳಲ್ಲ ಅವರು."

"ಹೇಳ್ತೀನಿ," ಎಂದರು ಮೇಷ್ಟ್ರು.

ಹೇಳಲಿಲ್ಲ. ಮರೆತದ್ದಲ್ಲ. ಕೊಟ್ಟಿಗೆಯ ತನಕ ಎರಡು ಸಲ ಹೋಗಿ ವಾಪಸು ಬಂದರು. ಹೇಳಬೇಕಾದರೆ ಅಕ್ಕ ಹೇಳಿದಳು ಎನ್ನಬೇಕು. ಅವಳ ಹೆಸರೆತ್ತಿದರೆ ಎದುರಿಗಿರುವವರು ಪಾಪ ಅನ್ನುತ್ತಾರೆ, ಛೆ ಅನ್ನುತ್ತಾರೆ, ಆಗ ತನ್ನ ಮುಖ ಹೇಗಿರುತ್ತದೋ ಎಂಬ ಹೆದರಿಕೆ. ನಾಳೆ ಹೇಳಿದರಾಯಿತು ಎಂದುಕೊಂಡರು.

ಬಿಳಿಗಾಲಿನ ಹಸು ಒಂದು ಗುರುವಾರ ಬೆಳಿಗ್ಗೆ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಹೊಸಬ ಒಂಬತ್ತು ಗಂಟೆಗೆ ನೋಡಿದಾಗ ನೀರು ಒಡೆದು ಎಷ್ಟೋ ಹೊತ್ತಾಗಿತ್ತು. ಅವನು ಓಡಿ ಹೋಗಿ ಡಾಕ್ಟರನ್ನು ಕರೆದ. ಕರುವಿನ ಎರಡು ಕಾಲು ಹೊರಗೆ, ತಲೆ ಇಲ್ಲ. ಕತ್ತು ಪಕ್ಕೆಗೆ ಮಡಚಿಕೊಂಡಿತ್ತು. ಡಾಕ್ಟರು ಭುಜದವರೆಗೆ ಕೈ ಹಾಕಿ ಒಂದು ಗಂಟೆ ಹೆಣಗಿದರು. ಕರು ಬಿದ್ದಾಗ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ಮೂಗಿನ ಲೋಳೆ ಬಳಿದು ತೆಗೆದು, ತಲೆಕೆಳಗೆ ಹಿಡಿದು, ಪಕ್ಕೆ ತಿಕ್ಕಿ ಏನೆಲ್ಲ ಮಾಡಿದರೂ ಅದು ಉಸಿರೆಳೆಯಲಿಲ್ಲ. ಹೆಣ್ಣು ಕರು. ಹಸು ತಿರುಗಿ ಅದನ್ನು ನೆಕ್ಕತೊಡಗಿತು. ಬಿಳಿ ಕೋಟಿನವನು, ಹೇಳಿಕೊಟ್ಟಂತೆ, ಕೈಗವಸು ಬದಲಿಸಿ ಬಳ್ಳಿಯನ್ನು ಡಬ್ಬಿಗೆ ಹಾಕಿದ.

ಡಬ್ಬಿ ಮೇಲೆ ಬಂತು. ಕರುವಿನ ವಿಷಯವೂ ಅದರ ಜೊತೆಗೇ ಬಂತು. ಹುಡುಗಿ ಡಬ್ಬಿ ಹಿಡಿದು ನಿಂತೇ ಇದ್ದಳು.

"ಇದನ್ನ ಮಾಡೋದಾ ಮೇಷ್ಟ್ರೇ? ಮನಸ್ಸೇ ಬರ್ತಿಲ್ಲ."

ಮೇಷ್ಟ್ರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಮಾಡು. ನೀನೇ ಮಾಡು. ನಾನು ಕೈ ಹಚ್ಚಲ್ಲ."

"ನಾನಾ? ಒಬ್ಳೇ?"

"ಎಲ್ಲಾ ನೋಡಿದೀಯ. ನಾನು ಹಿಂದೆ ಕೂತಿರ್ತೀನಿ."

ಅವಳು ತೊಳೆದಳು, ಸೀಳಿದಳು, ಕೊಚ್ಚಿದಳು. ಅವರಿಗಿಂತ ಮೂರು ಪಟ್ಟು ಹೊತ್ತು ತೆಗೆದುಕೊಂಡಳು. ಅಲ್ಲಲ್ಲಿ ತಪ್ಪಿದಾಗ ಮೇಷ್ಟ್ರು ಹಿಂದಿನಿಂದ ಮಾತಲ್ಲೇ ತಿದ್ದಿದರು. ಅಂದಿನಿಂದ ಆ ತಟ್ಟೆಗಳನ್ನು ಅವರು ಮುಟ್ಟಲಿಲ್ಲ. ಬೆನ್ನು ನೋವು ಎಂದು ನೆಪ ಹೇಳಿದರು.

ಐದನೇ ದಿನಕ್ಕೇ ಕೋಶಗಳು ಹೊರಗೆ ಬಂದವು. ಹಿಂದೆಂದೂ ನೋಡದಷ್ಟು ಹುರುಪಿನಿಂದ ಬೆಳೆದವು. ಮೂವತ್ತು ಗಂಟೆಗೊಮ್ಮೆ ಇಮ್ಮಡಿಯಾದವು. ಮೂರನೇ ಹಂಚಿಕೆ ದಾಟಿತು, ಐದನೆಯದು ದಾಟಿತು, ದ್ರವ ತಿಳಿಯಾಗಿಯೇ ಇತ್ತು. ಹುಡುಗಿ ಒಂದು ಪಾಲಿಗೆ ಕೊಬ್ಬಾಗುವ ಔಷಧ ಕೊಟ್ಟಳು. ಮೂರು ವಾರಕ್ಕೆ ಒಳಗೆ ಕೊಬ್ಬಿನ ಹನಿಗಳು ತುಂಬಿ, ಬಣ್ಣ ಹಾಕಿದಾಗ ಕೆಂಪಗೆ ಹೊಳೆದವು. ಇನ್ನೊಂದು ಪಾಲು ಸುಣ್ಣ ಕಟ್ಟಿಕೊಂಡು ಮೂಳೆಯ ದಾರಿ ಹಿಡಿಯಿತು. ಮತ್ತೊಂದು ಗುಂಡಗೆ ಗಂಟುಕಟ್ಟಿ ಮೆದುಮೂಳೆಯಾಯಿತು. ಕೋಶಗಳ ಮೈಮೇಲಿನ ಗುರುತುಗಳನ್ನು ನೋಡುವ ಪರೀಕ್ಷೆಯಲ್ಲೂ ಇರಬೇಕಾದದ್ದೆಲ್ಲ ಇತ್ತು, ರಕ್ತದ ಕೋಶಗಳ ಗುರುತು ಯಾವುದೂ ಇರಲಿಲ್ಲ. ಬದುಕದೇ ಹೋದ ಕರುವಿನ ಕೋಶಗಳು ಕೇಳಿದ್ದನ್ನೆಲ್ಲ ಆಗಿ ತೋರಿಸಿದವು.

ಮೇಡಂ ಸಂತೋಷದಿಂದ ಪ್ರಯೋಗಾಲಯಕ್ಕೆ ಬಂದರು. "ನೋಡಿದ್ರಾ ಮೇಷ್ಟ್ರೇ? ಹಿಡಿಯೋ ಕೈ ಬದಲಾಯಿಸಿದ್ದೇ ತಡ, ಎಲ್ಲ ಸರಿಹೋಯ್ತು. ಮೊದಲೇ ಮಾಡ್ಬೇಕಿತ್ತು."

ಕೈ ಬದಲಾದದ್ದು ನಿಜವೇ. ಯಾರ ಕೈ ಎಂಬುದು ಮಾತ್ರ ಮೇಡಮ್ಮಿಗೆ ಗೊತ್ತಿರಲಿಲ್ಲ. ತಾನು ಸುಮ್ಮನೆ ಹಿಂದೆ ಸರಿದರೆ ಕೇಡು ನಿಲ್ಲುತ್ತದೆ ಎಂದು ಮೇಷ್ಟ್ರು ಎಣಿಸಿದ್ದರು. ಈಗ ನೋಡಿದರೆ ಹಿಂದೆ ಸರಿದದ್ದೇ ಅಕ್ಕನ ಮೇಲೆ ಸಾಕ್ಷಿಯಾಗಿ ನಿಂತಿತ್ತು. ಹುಡುಗಿ ತನ್ನ ಪ್ರಬಂಧದಲ್ಲಿ ಒಂದು ಸಾಲು ಬರೆದಿದ್ದಳು: ಬಳ್ಳಿ ಸಂಗ್ರಹಿಸುವ ಸಿಬ್ಬಂದಿಯನ್ನು ಬದಲಿಸಿದ ನಂತರ ಸೋಂಕು ಸಂಪೂರ್ಣವಾಗಿ ನಿಂತಿತು. ಅದನ್ನು ಓದಲು ಅವರಿಗೇ ಕೊಟ್ಟಳು. ಮೇಷ್ಟ್ರು ಓದಿ, ಹಾಳೆಯನ್ನು ಮೇಜಿನ ಮೇಲಿಟ್ಟು, ಕೈ ತೊಳೆಯಲು ಹೋದರು. ನಲ್ಲಿಯ ಕೆಳಗೆ ಕೈ ಹಿಡಿದು ಬಹಳ ಹೊತ್ತು ನಿಂತರು.

ಮರುದಿನ ಭಾನುವಾರ. ಯಾರೂ ಇಲ್ಲದ ಪ್ರಯೋಗಾಲಯಕ್ಕೆ ಮಧ್ಯಾಹ್ನ ಹೋಗಿ ಅವರು ಇಪ್ಪತ್ತು ಕೊಳವೆಗಳಲ್ಲಿ ಬರೀ ಪೌಷ್ಟಿಕ ಸಾರು ತುಂಬಿದರು. ಔಷಧ ಬೆರೆಸದ, ಯಾವ ಸೂಕ್ಷ್ಮಜೀವಿ ಬಿದ್ದರೂ ಕಲಕಿ ತೋರಿಸುವ ಸಾರು. ಒಂದೊಂದಕ್ಕೂ ಪಿಪೆಟ್ ಹಾಕಿ ತೆಗೆದು, ತಾವು ದಿನಾ ಮಾಡುವ ಕೆಲಸವನ್ನೇ ಮಾಡಿದರು. ನಾಚಿಕೆಯಿಲ್ಲದೆ, ಮುಚ್ಚಿಡದೆ, ಬಲಗೈ ಹೇಗೆ ನಡುಗುತ್ತದೋ ಹಾಗೆ ನಡುಗಲು ಬಿಟ್ಟು. ಸೋಮವಾರ ಹುಡುಗಿಯ ಕೈಯಲ್ಲೂ ಇಪ್ಪತ್ತು ಕೊಳವೆ ಮಾಡಿಸಿದರು. ಯಾಕೆ ಎಂದು ಅವಳು ಕೇಳಿದ್ದಕ್ಕೆ, "ಒಂದು ಲೆಕ್ಕ ಚುಕ್ತಾ ಮಾಡೋದಿದೆ," ಎಂದರು.

ಶುಕ್ರವಾರ ಎರಡು ಸ್ಟ್ಯಾಂಡನ್ನೂ ಬೆಳಕಿಗೆ ಹಿಡಿದು ಅವಳಿಗೆ ತೋರಿಸಿದರು. ಅವಳ ಇಪ್ಪತ್ತೂ ತಿಳಿಯಾಗಿದ್ದವು. ಅವರದ್ದರಲ್ಲಿ ಒಂಬತ್ತು ಕಲಕಿ ಹೋಗಿದ್ದವು.

"ಇದು ಯಾರು ಮಾಡಿದ್ದು?" ಎಂದಳು ಹುಡುಗಿ.

"ನಾನು."

ಅವಳು ನಗಲು ಹೋದಳು. ಮೇಷ್ಟ್ರು ಬಲಗೈಯನ್ನು ಮೇಜಿನ ಮೇಲೆ, ಅವಳ ಕಣ್ಣೆದುರು ಇಟ್ಟರು. ಹೆಬ್ಬೆರಳು ತನ್ನ ಕೆಲಸ ಮಾಡುತ್ತಿತ್ತು. ಅವಳು ಅದನ್ನು ನೋಡಿದಳು, ಕೊಳವೆಗಳನ್ನು ನೋಡಿದಳು, ಮತ್ತೆ ಕೈಯನ್ನು ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು.

"ನಾನು ಬರೆದುಕೊಟ್ಟೆನಲ್ಲ ಮೇಷ್ಟ್ರೇ. ಅಕ್ಕನ ಹೆಸರು ಹಾಕಿ ನಾನೇ ಬರೆದೆನಲ್ಲ."

"ನೀನು ಕಂಡಿದ್ದನ್ನ ಬರೆದೆ. ನಾನು ಗೊತ್ತಿದ್ದೂ ಸುಮ್ಮನಿದ್ದೆ. ಎರಡೂ ಒಂದೇ ಅಲ್ಲ."

"ಕರು..." ಎಂದು ಅವಳು ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು.

ಮೇಷ್ಟ್ರು ಸ್ಟ್ಯಾಂಡುಗಳನ್ನು ಟ್ರೇಯಲ್ಲಿಟ್ಟುಕೊಂಡು ಮೇಡಂ ಕೋಣೆಗೆ ಹೋದರು. ಟ್ರೇಯ ಮೇಲೆ ಕೊಳವೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಕೂರದೆ, ನಿಂತೇ ಎಲ್ಲ ಹೇಳಿದರು. ಮೇಡಂ ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಯಾಕೆ ಈಗ ತಂದ್ರಿ ಮೇಷ್ಟ್ರೇ? ಆಗ ಹೇಳಿದ್ರೆ ನಾನು ನಿಮ್ಮನ್ನ ಏನು ಮಾಡ್ತಿದ್ದೆ? ಕೆಲಸದಿಂದ ತೆಗೀತಿದ್ನಾ?"

"ಇಲ್ಲ. ಅದಕ್ಕೇ ಇನ್ನೂ ಕೆಟ್ಟದ್ದು."

"ನಾನು ಕೇಳಿದಾಗ ಇರಬಹುದು ಅಂದ್ರಿ."

"ಹೌದು."

ಮೇಡಂ ಕಿಟಕಿಯ ಕಡೆ ನೋಡಿದರು. "ನಿಮ್ಮ ಬಾಯಲ್ಲಿ ಬಂತಲ್ಲ, ಅದಕ್ಕೆ ನಾನು ಮುಂದೆ ಯೋಚನೆನೇ ಮಾಡ್ಲಿಲ್ಲ," ಎಂದು ತಮಗೇ ಹೇಳಿಕೊಂಡಂತೆ ಹೇಳಿದರು. ಆಮೇಲೆ ಒಂದು ಹಾಳೆ ಮುಂದೆ ತಳ್ಳಿದರು. "ಬರೆದು ಕೊಡಿ."

ಮೇಷ್ಟ್ರು ಬರೆದರು. ಪ್ರತಿ ಸಾಲೂ ದೊಡ್ಡ ಅಕ್ಷರದಲ್ಲಿ ಶುರುವಾಗಿ, ಹೋಗುತ್ತ ಹೋಗುತ್ತ ಸಣ್ಣದಾಗಿ, ಕೊನೆಗೆ ಇರುವೆ ಸಾಲಿನಂತಾಗುತ್ತಿತ್ತು. ಮೇಡಂ ಆ ಬರಹವನ್ನು ಹಿಡಿದು, ವಿಷಯಕ್ಕಿಂತ ಅಕ್ಷರಗಳನ್ನೇ ಹೆಚ್ಚು ಹೊತ್ತು ನೋಡಿದರು.

"ಡಾಕ್ಟ್ರಿಗೆ ತೋರಿಸಿದೀರಾ?"

"ಇಲ್ಲ."

"ನಾಳೆನೇ ತೋರಿಸಿ. ಇದು ಬರೀ ವಯಸ್ಸಲ್ಲ."

ಅದು ಬರೀ ವಯಸ್ಸಾಗಿರಲಿಲ್ಲ. ನರಗಳ ಡಾಕ್ಟರು ಅವರನ್ನು ಆ ಗೋಡೆಯಿಂದ ಈ ಗೋಡೆಗೆ ನಡೆಸಿದರು, ಬೆರಳು ತಟ್ಟಿಸಿದರು, ಮಣಿಕಟ್ಟು ತಿರುಗಿಸಿ ನೋಡಿದರು. ಕಾಯಿಲೆಯ ಹೆಸರು ಹೇಳಿ, ಇದು ವಾಸಿಯಾಗುವುದಿಲ್ಲ, ಮಾತ್ರೆಯಿಂದ ಸ್ವಲ್ಪ ಕಾಲ ತಡೆಹಿಡಿಯಬಹುದು, ಎಂದರು. ಹೆಂಡತಿ ಮಾತ್ರೆಯ ಹೊತ್ತುಗಳನ್ನು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ದಾರಿಯಲ್ಲಿ ಬರುತ್ತ, "ಆ ಹೆಂಗಸಿನ ಹತ್ರ ಹೋಗಿದ್ರಾ?" ಎಂದು ಕೇಳಿದಳು. ಇಲ್ಲ ಎಂದರು. "ಮಾತ್ರೆಗಿಂತ ಮುಂಚೆ ಅದಾಗ್ಲಿ," ಎಂದಳು.

ಅಕ್ಕ ಈಗ ಒಂದು ದೊಡ್ಡ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿದ್ದಳು. ಆಸ್ಪತ್ರೆಗಳ ಹಾಸಿಗೆ ಬಟ್ಟೆಗಳು ಅಲ್ಲಿಗೆ ಬರುತ್ತಿದ್ದವು. ಊಟದ ಬಿಡುವಿನಲ್ಲಿ ಹೊರಗೆ ಬಂದು ಗೋಡೆಯ ನೆರಳಲ್ಲಿ ಕೂತಿದ್ದಳು. ಅಂಗೈಗಳು ನೀರಲ್ಲಿ ನೆನೆದು ಬಿಳಿಚಿ ಸುಕ್ಕುಗಟ್ಟಿದ್ದವು. ಮೇಷ್ಟ್ರನ್ನು ನೋಡಿ ಏಳಲು ಹೋದಳು. ಅವರು ಬೇಡವೆಂದು ಕೈ ಮಾಡಿ ಎದುರಿನ ಕಟ್ಟೆಯ ಮೇಲೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೂಷ್ಟು ತನ್ನ ಕೈಯಿಂದ ಬಂದದ್ದು, ಅದು ಗೊತ್ತಿದ್ದೂ ಇರಬಹುದು ಎಂದದ್ದು, ಈಗ ಬರೆದು ಕೊಟ್ಟದ್ದು. ನೀನು ವಾಪಸು ಬರಬಹುದು, ಪತ್ರ ಕಳಿಸುತ್ತಾರೆ ಎಂದರು.

ಅಕ್ಕ ತುತ್ತು ಹಾಗೇ ಹಿಡಿದು ಕೇಳಿದಳು. ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ನನಗೆ ಆವತ್ತೇ ಅನ್ಸಿತ್ತು," ಎಂದಳು. "ನೀವು ನನ್ನ ಕಣ್ಣು ತಪ್ಪಿಸಿ ಮಾತಾಡಿದ್ರಲ್ಲ, ಆಗ. ದನದ ಜೊತೆ ಇದ್ದವಳು ನಾನು, ಮಾತಿಗಿಂತ ಮುಂಚೆ ಕಣ್ಣು ನೋಡ್ತೀನಿ. ಆದ್ರೆ ಮೇಷ್ಟ್ರು ಅಂಥೋರಲ್ಲ ಅಂದ್ಕೊಂಡೆ." ಆಮೇಲೆ ಕೇಳಿದಳು, "ಬಿಳಿಗಾಲಿಂದು ಏನಾಯ್ತು? ಹಾಕ್ತಾ?"

ಮೇಷ್ಟ್ರು ದಾರಿಯುದ್ದಕ್ಕೂ ಇದೊಂದು ಪ್ರಶ್ನೆ ಬರಬಾರದೆಂದುಕೊಂಡು ಬಂದಿದ್ದರು.

"ಕರು ಉಳೀಲಿಲ್ಲ."

"ಕತ್ತು?"

"ಹೂಂ."

"ನೀವು ಹೇಳಿದ್ರಾ ಅವರಿಗೆ? ನಾನು ಹೇಳಿದ್ದು?"

"ಹೇಳ್ಲಿಲ್ಲ."

ಅಕ್ಕ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಕೆಲಸ ಹೋದ ಮಾತಿಗೆ ಅಲುಗದಿದ್ದ ಅವಳ ಮುಖ ಈಗ ಕೆಂಪಾಯಿತು.

"ನನ್ನ ಅನ್ನ ಕಿತ್ಕೊಂಡ್ರಿ, ಹೋಗ್ಲಿ, ಇನ್ನೊಂದು ಕಡೆ ಹುಡುಕ್ಕೊಂಡೆ. ಕೈ ನಡುಗುತ್ತೆ ಅಂತ ನಾಚಿಕೆ ಆಯ್ತು, ಅದೂ ಅರ್ಥ ಆಗುತ್ತೆ. ಆದ್ರೆ ಒಂದು ಮಾತು ಹೇಳೋಕೆ ನಿಮಗೇನಾಗಿತ್ತು? ನಾಲಿಗೆನೂ ನಡುಗ್ತಿತ್ತಾ?"

ಮೇಷ್ಟ್ರು ಏನೋ ಹೇಳಬೇಕೆಂದು, ಹೇಳಬಾರದ್ದನ್ನು ಹೇಳಿದರು. ಆ ಕರುವಿನ ಬಳ್ಳಿಯಿಂದ ತೆಗೆದ ಕೋಶಗಳು ಚೆನ್ನಾಗಿ ಬೆಳೆದಿವೆ, ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ, ಐವತ್ತು ವರ್ಷ ಬೇಕಾದರೂ ಇರುತ್ತವೆ ಎಂದರು.

"ಅದು ಎದ್ದು ಹಾಲು ಕುಡಿಯುತ್ತಾ?" ಎಂದಳು ಅಕ್ಕ.

ಗಂಟೆ ಹೊಡೆಯಿತು. ಅವಳು ಎದ್ದು ಒಳಗೆ ಹೋದಳು.

ಪತ್ರ ಹೋದ ಮೇಲೂ ಮೂರು ವಾರ ಅಕ್ಕ ಬರಲಿಲ್ಲ. ಹುಡುಗಿ ಎರಡು ಸಲ ಅವಳ ಮನೆಗೆ ಹೋಗಿ ಬಂದಳು. ಒಂದು ಸಲ ಅಕ್ಕ ಬಾಗಿಲಲ್ಲೇ ಮಾತಾಡಿ ಕಳಿಸಿದಳಂತೆ, ಇನ್ನೊಂದು ಸಲ ಒಳಗೆ ಕರೆದು ಕೂರಿಸಿದಳಂತೆ. ಪ್ರಬಂಧದಲ್ಲಿದ್ದ ಆ ಸಾಲನ್ನು ಹುಡುಗಿ ಹೊಡೆದುಹಾಕಿ, ಮೊದಲ ಎರಡು ಬಳ್ಳಿಗಳು ಪ್ರಯೋಗಾಲಯದೊಳಗಿನ ಸೋಂಕಿನಿಂದ ಹಾಳಾದವು ಎಂದು ಬರೆದಳು. ಮೂರನೇ ಬಳ್ಳಿ ಎಂಥ ಕರುವಿನದು ಎಂಬುದನ್ನೂ ಬರೆದಳು. ಅದು ಅಗತ್ಯವೇ ಎಂದು ಯಾರೋ ಕೇಳಿದರು. ಅವಳು ತೆಗೆಯಲಿಲ್ಲ.

ಮೇಷ್ಟ್ರನ್ನು ಕೆಳಗಿನ ಉಗ್ರಾಣಕ್ಕೆ ಹಾಕಿದರು. ಗಾಜಿನ ಸಾಮಾನುಗಳ ಪೆಟ್ಟಿಗೆಗಳ ನಡುವೆ ಒಂದು ಮೇಜು, ಒಂದು ಕುರ್ಚಿ. ಗಾಜು ಮುಟ್ಟುವ ಕೆಲಸ ಬೇರೆಯವರದು. ಯಾರು ಏನು ಒಯ್ದರು ಎಂದು ಗುರುತು ಹಾಕಿಕೊಳ್ಳುವುದಷ್ಟೇ ಇವರದು. ಮೊದಮೊದಲು ಮೇಲಿನ ಮಕ್ಕಳು ಏನಾದರೂ ಕೇಳಲು ಇಳಿದು ಬರುತ್ತಿದ್ದರು. ಆಮೇಲೆ ಹುಡುಗಿಯೇ ಅವರಿಗೆಲ್ಲ ಹೇಳಿಕೊಡತೊಡಗಿದಳು. ಬರುವುದು ಕಡಿಮೆಯಾಯಿತು. ಮಾತ್ರೆಯಿಂದ ಬೆಳಿಗ್ಗೆ ಎರಡು ಗಂಟೆ ಕೈ ಸುಮ್ಮನಿರುತ್ತಿತ್ತು. ಆ ಎರಡು ಗಂಟೆಯಲ್ಲಿ ಮಾಡಲು ಅಲ್ಲಿ ಕೆಲಸವಿರುತ್ತಿರಲಿಲ್ಲ.

ನಾಲ್ಕನೇ ವಾರ ಅಕ್ಕ ಕೊಟ್ಟಿಗೆಗೆ ಮರಳಿದಳು. ಯಾರಿಗೂ ಏನೂ ಹೇಳದೆ, ಒಂದು ಬೆಳಿಗ್ಗೆ ಬಂದು ಪೊರಕೆ ಹಿಡಿದಿದ್ದಳಂತೆ. ಬಿಳಿಗಾಲಿನ ಹಸುವಿನ ಬಳಿ ಬಹಳ ಹೊತ್ತು ನಿಂತಿದ್ದಳು ಎಂದು ಹೊಸಬ ಹೇಳಿದ. ಅವನನ್ನು ಅವಳು ಓಡಿಸಲಿಲ್ಲ. ಬೂಟು ಬಿಚ್ಚಿಸಿ, ಹಸುವಿನ ಹೊಟ್ಟೆಯ ಮೇಲೆ ಕಿವಿಯಿಡುವುದನ್ನು ಕಲಿಸತೊಡಗಿದಳು.

ಮುಂದಿನ ಹಸು ಕರು ಹಾಕುವ ದಿನ ಮೇಷ್ಟ್ರು ಉಗ್ರಾಣಕ್ಕೆ ಬೀಗ ಹಾಕಿ ಕೊಟ್ಟಿಗೆಯ ತನಕ ನಡೆದು ಹೋದರು. ಈ ಸಲ ವಾಪಸು ತಿರುಗಲಿಲ್ಲ. ಬಾಗಿಲಲ್ಲಿ ನಿಂತರು. ಒಳಗೆ ಹಸು ಮಲಗಿತ್ತು. ಅಕ್ಕ ಬರಿಗೈಯಲ್ಲಿ, ಮೊಣಕೈವರೆಗೆ ಸೋಪು ಹಚ್ಚಿಕೊಂಡು ಅದರ ಹಿಂದೆ ಕೂತಿದ್ದಳು. ಹುಡುಗಿ ಡಬ್ಬಿ ಹಿಡಿದು ಪಕ್ಕದಲ್ಲಿ ಕಾಯುತ್ತಿದ್ದಳು. ಮೇಷ್ಟ್ರು ಕೈಯನ್ನು ಜೇಬಿಗೆ ಹಾಕಲಿಲ್ಲ. ಅದು ಎಲ್ಲರಿಗೂ ಕಾಣುವಂತೆ ಪಕ್ಕದಲ್ಲಿ ನಡುಗುತ್ತಿತ್ತು.

ಅಕ್ಕ ತಲೆಯೆತ್ತಿ ಒಂದು ಸಲ ನೋಡಿದಳು.

"ಪಕ್ಕಕ್ಕೆ ಸರೀರಿ," ಎಂದಳು. "ಬೆಳಕಿಗೆ ಅಡ್ಡ ಆಗ್ತೀರ."

ಅವರು ಸರಿದು ನಿಂತರು.